ಅಮ್ಮನ ಬೀಳ್ಕೊಡುಗೆ ಖರ್ಚುವೆಚ್ಚ ಸಮಿತಿ

ಏಪ್ರಿಲ್ 12

ಪೂಜ್ಯ ಅಕ್ಕನವರ ಸನ್ನಿಧಾನಕ್ಕೆ,

ಈ ಮೂಲಕ ತಮ್ಮ ಅವಗಾಹನೆಗೆ ತರುವುದೇನೆಂದರೆ, ನಿನ್ನೆ ಮಧ್ಯಾಹ್ನ ಮೂರು ಗಂಟೆಗೆ ಸರಿಯಾಗಿ, ನಾನು ಕೆಲಸ ಮಾಡುವ ಬೋರ್ಡ್ ಬರೆಯುವ ಅಂಗಡಿಯ ಹಿಂದಿನ ಕೋಣೆಯಲ್ಲಿ, ಟರ್ಪೆಂಟೈನ್ ಡಬ್ಬದ ಮೇಲೆ ಕೂತು, 'ಅಮ್ಮನ ಬೀಳ್ಕೊಡುಗೆ ಖರ್ಚುವೆಚ್ಚ ಸಮಿತಿ'ಯನ್ನು ವಿಧಿವತ್ತಾಗಿ ಸ್ಥಾಪಿಸಲಾಯಿತು. ಅಧ್ಯಕ್ಷ ಸ್ಥಾನಕ್ಕೆ ನನ್ನ ಹೆಸರನ್ನು ನಾನೇ ಸೂಚಿಸಿದೆ, ನಾನೇ ಅನುಮೋದಿಸಿದೆ, ನಾನೇ ಚಪ್ಪಾಳೆ ತಟ್ಟಿದೆ. ವಿರೋಧ ಬರಲಿಲ್ಲ. ಕಾರ್ಯದರ್ಶಿ, ಖಜಾಂಚಿ ಸ್ಥಾನಗಳಿಗೂ ಹಾಗೆಯೇ ಆಯಿತು. ಅಪ್ಪನನ್ನು ಸದಸ್ಯರಾಗಿ ಎಂದು ಕೇಳಿಕೊಂಡೆ. "ನೋಡೋಣ" ಎಂದರು. ಅವರು ಮದುವೆಗೂ 'ನೋಡೋಣ' ಎಂದೇ ಒಪ್ಪಿದ್ದರಂತೆ. ಆದ್ದರಿಂದ ಖಾಯಂ ಆಹ್ವಾನಿತರೆಂದು ಬರೆದುಕೊಂಡಿದ್ದೇನೆ.

ವಿಷಯ ತಮಗೆ ತಿಳಿದೇ ಇದೆ. ಜೂನ್ 30ಕ್ಕೆ ಅಮ್ಮ ನಿವೃತ್ತಳಾಗುತ್ತಾಳೆ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಮೂವತ್ತೊಂದು ವರ್ಷ. ಅದರಲ್ಲಿ ಒಂಬತ್ತು ವರ್ಷ ಮುಖ್ಯಸ್ಥೆ. ಆಸ್ಪತ್ರೆಯವರು ಒಂದು ಕಪ್ ಚಹಾ, ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸುತ್ತಾರಂತೆ. ಇನ್ನು ಮುಂದೆ ಎಲ್ಲಿಗೂ ಹೊತ್ತಿಗೆ ಸರಿಯಾಗಿ ಹೋಗಬೇಕಾಗಿಲ್ಲದವರಿಗೇ ಗಡಿಯಾರ ಯಾಕೆ ಕೊಡುತ್ತಾರೋ ಆ ಪರಮಾತ್ಮನೇ ಬಲ್ಲ. ಇದು ಆಗಕೂಡದು. ವಾಚನಾಲಯದ ಮಹಡಿ ಹಾಲ್, ಅರವತ್ತು ಜನ, ಅಮ್ಮನಿಗೆ ತಿಳಿಯದಂತೆ ಸಮಾರಂಭ.

ಅಂದಾಜು ಹೀಗಿದೆ. ಹಾಲ್ ನಾಲ್ಕು ಸಾವಿರ. ಊಟ, ತಲೆಗೆ ಇನ್ನೂರರಂತೆ ಹನ್ನೆರಡು ಸಾವಿರ. ಕುರ್ಚಿ ಮೇಜು ಎರಡೂವರೆ. ಉಡುಗೊರೆ ಎಂಟು. ಫೋಟೋ ಮೂರು. ಹೂವು ಎರಡೂವರೆ. ದೀಪ, ಮೈಕು ಮತ್ತು ಅಮ್ಮ ಒಳಗೆ ಬರುವಾಗ ಹೊಗೆ ಬಿಡುವ ಯಂತ್ರ ನಾಲ್ಕು. ಅಧ್ಯಕ್ಷರಿಗೆ ಕೋಟು ಮೂರೂವರೆ. ಇತರೆ ಎರಡೂವರೆ. ಒಟ್ಟು ನಲವತ್ತೆರಡು ಸಾವಿರ. ವರಮಾನದ ಕಲಂ ಸದ್ಯಕ್ಕೆ ಖಾಲಿಯಿದೆ. ಈ ಪತ್ರದ ಉದ್ದೇಶ ಅದೇ ಎಂದು ಜಾಣರಾದ ತಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಫೋನು ಅಮ್ಮನ ದಿಂಬಿನ ಪಕ್ಕದಲ್ಲೇ ಇರುವುದರಿಂದ ಉತ್ತರವನ್ನು ಅಂಗಡಿಯ ವಿಳಾಸಕ್ಕೆ ಬರೆಯತಕ್ಕದ್ದು.

ತಾವು ಸ್ವತಃ ಬರುವ ವಿಷಯ ಸಭೆಯ ಮುಂದೆ ಬರಲಿಲ್ಲ. ಆದರೆ ಸಭೆ ಮುಗಿದ ಮೇಲೂ ಅಧ್ಯಕ್ಷರು ಬಹಳ ಹೊತ್ತು ಡಬ್ಬದ ಮೇಲೆಯೇ ಕೂತಿದ್ದರು.

ವಿಧೇಯ,
ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ

ಏಪ್ರಿಲ್ 21

ಲೋ ಕಪಿ,

ನಿನ್ನ ಅಂದಾಜು ಓದಿದೆ. ಊಟದ ಹೊತ್ತಿನಲ್ಲಿ ಪಕ್ಕದ ಮೆಷಿನ್ನಿನವಳಿಗೂ ಓದಿ ಹೇಳಿದೆ. ಹೊಗೆ ಯಂತ್ರದ ಹತ್ತಿರ ಬಂದಾಗ ಅವಳಿಗೆ ನೀರು ನೆತ್ತಿಗೇರಿತು.

ಖರ್ಚನ್ನೆಲ್ಲ ಕೂಡಿಸಿ, ಆಮೇಲೆ ದುಡ್ಡು ಹುಡುಕುವುದಕ್ಕೆ ಅಂದಾಜು ಅನ್ನುವುದಿಲ್ಲ, ಆಸೆ ಅನ್ನುತ್ತಾರೆ. ಮೊದಲು ದುಡ್ಡು ಎಷ್ಟು ಅಂತ ಗೆರೆ ಎಳೆ. ಗೆರೆ ಮೂವತ್ತು ಸಾವಿರ. ನನ್ನ ಹತ್ತಿರ ಇರುವುದು ಅಷ್ಟೇ, ಡ್ರಾಫ್ಟ್ ಜೊತೆಗಿದೆ. ಈಗ ಇಲ್ಲದಿದ್ದರೆ ಸಮಾರಂಭವೇ ಆಗದು ಅನ್ನುವಂಥವನ್ನು ಬರಿ: ಹಾಲ್ ನಾಲ್ಕು, ಊಟ ಹನ್ನೆರಡು, ಕುರ್ಚಿ ಮೇಜು ಎರಡೂವರೆ. ಆಮೇಲೆ ಇದ್ದರೆ ಚೆಂದ ಅನ್ನುವಂಥವು: ಉಡುಗೊರೆ ಐದು, ಫೋಟೋ ಒಂದೂವರೆ, ಹೂವು ಒಂದು. ಓಡಾಟಕ್ಕೆ ಒಂದು ಸಾವಿರ. ಮಿಕ್ಕ ಮೂರು ಸಾವಿರ ತುರ್ತಿಗೆ. ಅದನ್ನು ನನ್ನ ಕೇಳದೆ ಮುಟ್ಟಿದರೆ ಕೈ ಮುರಿಯುತ್ತೇನೆ. ಯಾವುದಕ್ಕೂ ಮೂರು ಕಡೆ ರೇಟು ಕೇಳದೆ ಮುಂಗಡ ಕೊಡಬೇಡ. ಮೈಕು ಬೇಡ, ಅಮ್ಮನ ವಿಭಾಗದವರು ಮೆಷಿನ್ ಸದ್ದಿನಲ್ಲಿ ಮಾತಾಡಿ ಅಭ್ಯಾಸವಾದವರು. ಕೋಟಿನ ಬಗ್ಗೆ ಏನೂ ಹೇಳುವುದಿಲ್ಲ, ನನಗೂ ಒಂದು ಮರ್ಯಾದೆ ಇದೆ.

ಎರಡು ಷರತ್ತು. ಒಂದು, ದುಡ್ಡು ನನ್ನದು ಅಂತ ಅಮ್ಮನಿಗೆ ಗೊತ್ತಾಗಕೂಡದು. ಎರಡು ವರ್ಷದಿಂದ ನಾನು ಕಳಿಸಿದ್ದೆಲ್ಲ ಮುಂದಿನ ಟಪಾಲಿಗೇ ವಾಪಸ್ ಬಂದಿದೆ. ಇದು ಗೊತ್ತಾದರೆ ಹಾಲಿಗೇ ಬೀಗ ಹಾಕಿಸುತ್ತಾಳೆ. ಎರಡು, ನಾನು ಬರುವುದಿಲ್ಲ. ನಾಲ್ಕು ವರ್ಷ ಮೇಲಿನವರ ಬಾಗಿಲು ಕಾದು ಆಸ್ಪತ್ರೆಯ ಉಗ್ರಾಣದಲ್ಲಿ ಅವಳು ನನಗೆ ಕೊಡಿಸಿದ ಕೆಲಸ ಬಿಟ್ಟು, ಕನ್ನಡಕದ ಗಾಜು ಉಜ್ಜಲು ಇಲ್ಲಿಗೆ ಬಂದವಳು ನಾನು. ಹೊರಡುವಾಗ ಬಾಗಿಲಲ್ಲಿ ನಿಂತು, "ಹೋಗೋಳು ಹೋಗು, ಕರೆಯೋವರೆಗೂ ಬರ್ಬೇಡ" ಅಂದಳು. ಕರೆದಿಲ್ಲ. ಅಲ್ಲಿಗೆ ಮುಗಿಯಿತು.

ನಾನು ಚೆನ್ನಾಗಿದ್ದೇನೆ. ಗೀರು ಹುಡುಕುವ ವಿಭಾಗಕ್ಕೆ ಹಾಕಿದ್ದಾರೆ, ಸಂಬಳ ಹೆಚ್ಚಾಗಿದೆ.

ಅಕ್ಕ

ಮೇ 3

ಮಹಾದಾನಿಗಳಾದ ಅಕ್ಕನವರಿಗೆ,

ಡ್ರಾಫ್ಟ್ ತಲುಪಿತು. ಲೆಕ್ಕದ ಪುಸ್ತಕದಲ್ಲಿ 'ಒಬ್ಬ ಹಿತೈಷಿಯಿಂದ' ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಹಾಲ್ ಗೊತ್ತಾಯಿತು. ಆದರೆ ಊಟದ ಬಾಬ್ತಿನಲ್ಲಿ ಒಂದು ವಿಪತ್ತು ಸಂಭವಿಸಿದೆ, ಧೈರ್ಯದಿಂದ ಓದಬೇಕು.

ಅಡುಗೆ ಗುತ್ತಿಗೆಯನ್ನು ನಮ್ಮ ಚಿಕ್ಕಪ್ಪನಿಗೇ ಕೊಟ್ಟೆ, ಮೂರು ಕಡೆ ಕೇಳಿದ ಮೇಲೆಯೇ. ಮಾತುಕತೆ ಯಥಾವತ್ತಾಗಿ:

"ಎಷ್ಟು ಜನಾನೋ?"

"ಅರವತ್ತು ಚಿಕ್ಕಪ್ಪ. ಇರಲಿ ಅಂತ ಎಪ್ಪತ್ತು ಅಂತಿಟ್ಕೊಳ್ಳಿ."

"ಎಪ್ಪತ್ತಾ? ಇರಲಿ ಅಂತ ಎಂಬತ್ತೈದಕ್ಕೆ ಮಾಡ್ತೀನಿ ಬಿಡು. ಊಟ ಕಮ್ಮಿ ಬಿದ್ರೆ ನನ್ ಮಾನ ಹೋಗತ್ತೆ."

ತರಕಾರಿ ಹೆಚ್ಚುತ್ತಿದ್ದಾತ ತಲೆಯೆತ್ತಿ, "ಎಂಬತ್ತೈದು ಅಂದ್ರೆ, ಇರಲಿ ಅಂತ ನೂರಕ್ಕೆ ಸಾಮಾನು ತರ್ತೀನಿ ಯಜಮಾನ್ರೇ" ಎಂದ.

ನಾಲ್ಕೇ ನಿಮಿಷದಲ್ಲಿ, ಯಾರನ್ನೂ ಹೊಸದಾಗಿ ಕರೆಯದೆ, ನಲವತ್ತು ಜನ ಹುಟ್ಟಿಕೊಂಡರು. ಅವರ ಊಟಕ್ಕೇ ಎಂಟು ಸಾವಿರ. ಕುರ್ಚಿಯವನ ಹತ್ತಿರವೂ ಇದೇ ಪವಾಡ ನಡೆಯಿತು. ನಮ್ಮ ವಂಶದಲ್ಲಿ ಸಕ್ಕರೆ ಕಾಯಿಲೆ ಇಲ್ಲ, ಆದರೆ 'ಇರಲಿ' ಕಾಯಿಲೆ ಇದೆ ಅಕ್ಕ. ಅಪ್ಪ ಒಂದು ಬಲ್ಬು ತರಲು ಹೋದರೆ ಮೂರು ತರುತ್ತಾರಲ್ಲ, ಅದೇ.

ಈಗ ಮುಖ್ಯ ವಿಷಯ. ಇದರ ಜೊತೆ ಇನ್ನೊಂದು ಲಕೋಟೆ ಇದೆ. ಅಮ್ಮ ಕೊಟ್ಟಿದ್ದು. "ಅಕ್ಕನಿಗೆ ಕಳಿಸು, ನೀನು ಓದಬೇಡ" ಎಂದಳು. ನಾನು ಓದಿಲ್ಲ, ದೇವರಾಣೆ. ಸಮಾರಂಭದ ವಿಷಯ ಅವಳಿಗೆ ತಿಳಿದಿಲ್ಲ, ಸುಮ್ಮನೆ ಬರೆದಿದ್ದಾಳೆ ಅನಿಸುತ್ತೆ. ಓದಿ, ನಿಧಾನವಾಗಿ ಯೋಚಿಸಿ, ಬೇಗ ಉತ್ತರ ಬರೆಯತಕ್ಕದ್ದು.

ವಿಧೇಯ ಅಧ್ಯಕ್ಷ

ಮೇ 9

ಅಮ್ಮನ ಕಾಗದ ಸಿಕ್ಕಿತು.

ನಾಲ್ಕು ಸಲ ಓದಿದೆ. 'ನಿನ್ನ ನೆನಪಾಗದ ದಿನವಿಲ್ಲ, ಒಂದು ಸಲ ಬಂದು ಹೋಗು ಮಗಳೇ.' ಅದೇ ಅಕ್ಷರ, ಅದೇ ಬಾಗು. ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಆಮೇಲೆ ಮುಖ ತೊಳೆದು ಸೂಪರ್‌ವೈಸರ್ ಮುಂದೆ ನಿಂತು, "ಸರ್, ಜೂನ್ ಕೊನೇಲಿ ನಾಲ್ಕು ದಿನ ರಜ ಬೇಕು, ನಮ್ಮಮ್ಮ ಬರೆದಿದ್ದಾರೆ" ಅಂದೆ. ಎರಡು ವರ್ಷದಲ್ಲಿ ಮೊದಲನೇ ಸಲ ರಜ ಕೇಳಿದವಳು ಅಂತ ಆತ ಎದ್ದು ನಿಂತು ಕೊಟ್ಟ.

ಮಧ್ಯಾಹ್ನ ಐದನೇ ಸಲ ಓದೋಣ ಅಂತ ಕಾಗದವನ್ನು ನನ್ನ ಮೇಜಿನ ಲೆನ್ಸಿನ ಕೆಳಗೆ ಇಟ್ಟೆ. ಪ್ರತಿ ಸಾಲಿನ ಮೇಲೆ ಒಂದು, ಕೆಳಗೆ ಒಂದು, ಪೆನ್ಸಿಲ್ ಗೆರೆ ಎಳೆದು ರಬ್ಬರಿನಲ್ಲಿ ಅಳಿಸಿದ ಗುರುತು. ಅಂಗಡಿ ಬೋರ್ಡ್ ಬರೆಯುವವರು ಹಾಗೆ ಎಳೆಯುತ್ತಾರೆ. ಮಗಳಿಗೆ ಕಾಗದ ಬರೆಯಲು ಯಾವ ತಾಯಿ ಗೆರೆ ಎಳೆಯುತ್ತಾಳೆ?

ರಜ ಬೇಡ ಸರ್ ಅಂತ ಹೇಳಿ ಬಂದೆ. ಯಾಕೆ ಅಂತ ಕೇಳಿದ. ಅಮ್ಮ ನಿಜವಾದದ್ದಲ್ಲ ಅಂದೆ. ಅವನಿಗೆ ಏನು ಅರ್ಥವಾಯಿತೋ ನಕ್ಕ.

ಚಿಕ್ಕಂದಿನಲ್ಲಿ ನೀನು ನನ್ನ ಜಡೆಯನ್ನು ಕುರ್ಚಿಗೆ ಕಟ್ಟಿದಾಗ ನಕ್ಕಿದ್ದೆ. ಇದಕ್ಕೆ ನಗುವುದಕ್ಕಾಗುವುದಿಲ್ಲ.

ಊಟ ಅರವತ್ತೈದಕ್ಕೆ. ಅದರ ಮೇಲೆ ಒಂದು ತಟ್ಟೆಯೂ ಬೇಡ. ಇನ್ನು ಮುಂದೆ ಲೆಕ್ಕ ಬಿಟ್ಟು ಬೇರೇನೂ ಬರೆಯಬೇಡ.

ಮೇ 14

ಅಕ್ಕ,

ತಪ್ಪಾಯಿತು. ಬೇರೆ ಏನೂ ಬರೆಯಲು ತೋಚುತ್ತಿಲ್ಲ. ಬರೆದದ್ದನ್ನೆಲ್ಲ ಹರಿದು ಹಾಕಿದ್ದೇನೆ, ಅದರಲ್ಲೆಲ್ಲ ಒಂದೊಂದು ಜೋಕು ನುಸುಳಿಕೊಂಡಿತ್ತು.

ನೀನು ಬರಲಿ ಅಂತ ಮಾಡಿದೆ. ಅಷ್ಟೇ.

ಮೇ 27

ಅಕ್ಕನಿಗೆ,

ಹದಿಮೂರು ದಿನವಾದರೂ ಉತ್ತರವಿಲ್ಲ. ನಿನ್ನ ಅಪ್ಪಣೆಯಂತೆ ಲೆಕ್ಕ ಮಾತ್ರ.

ಹಾಲ್ ಮುಂಗಡ ಎರಡು ಸಾವಿರ ಕೊಟ್ಟಿದೆ, ರಸೀತಿ ಇದೆ. ಊಟ ಅರವತ್ತೈದು ತಟ್ಟೆ, ಹದಿಮೂರು ಸಾವಿರ. ಚಿಕ್ಕಪ್ಪ ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದರು. ಬ್ಯಾನರ್ ಖರ್ಚು ಸೊನ್ನೆ, ನಾನೇ ಬರೆಯುತ್ತೇನೆ (ಗೆರೆ ಎಳೆದು. ಕ್ಷಮಿಸು, ಇದು ಲೆಕ್ಕವಲ್ಲ). ತುರ್ತು ನಿಧಿಯಿಂದ ಒಂದು ಸಾವಿರ ಊಟಕ್ಕೆ ಹೋಯಿತು, ನೀನು ಹೇಳಿದ ಅರವತ್ತೈದರ ಲೆಕ್ಕದಲ್ಲಿ. ಮಿಕ್ಕದ್ದು ಮುಟ್ಟಿಲ್ಲ.

ಹೊಸ ಖರ್ಚು ಒಂದು ತಲೆಯೆತ್ತಿದೆ. ಬಾಡಿಗೆಯ ಒಂಬತ್ತು ಮೇಜುಗಳ ಮೇಲೆ ಯಾರದೋ ಮಕ್ಕಳು ಚಾಕುವಿನಲ್ಲಿ ಹೆಸರು ಕೆತ್ತಿದ್ದಾರೆ. ಮೇಲೆ ಬಟ್ಟೆ ಹಾಸಲೇಬೇಕು. ಬಾಡಿಗೆ ಕೇಳಿದರೆ ಸಾವಿರದಿನ್ನೂರು. ನಾನು ಒಂದು ಉಳಿತಾಯದ ಉಪಾಯ ಮಾಡಿದ್ದೇನೆ. ಅಮ್ಮನ ವಿಭಾಗದಲ್ಲಿ ಹಬೆ ಇಸ್ತ್ರಿ ಮಾಡುವ ಅಕ್ಕ ಇದ್ದಾರಲ್ಲ, ಅವರನ್ನು ಗುಟ್ಟಾಗಿ ಕೇಳಿದೆ. "ಹಳೇ ಹಾಸುಬಟ್ಟೆ ಬೇಕಾದಷ್ಟಿವೆ ಕಣಪ್ಪ. ಒಂದು ಹಳದಿ ಫಾರಂ ತುಂಬಿ ಪೆಟ್ಟಿಗೆಗೆ ಹಾಕು, ನಾನು ನೋಡ್ಕೋತೀನಿ" ಎಂದರು. ಹನ್ನೆರಡು ಬೇಕೆಂದು ತುಂಬಿಟ್ಟಿದ್ದೇನೆ. ಖರ್ಚು ಸೊನ್ನೆ. ಮುಂದಿನ ವಾರ ಪೆಟ್ಟಿಗೆಗೆ ಹಾಕುತ್ತೇನೆ.

ತಮ್ಮ

ಜೂನ್ 2

ಲೆಕ್ಕ ಸರಿಯಿದೆ.

ಆಸ್ಪತ್ರೆಯ ಬಟ್ಟೆ ಮುಟ್ಟಬೇಡ. ಆ ಫಾರಂ ಯಾರ ಸಹಿಗೆ ಹೋಗುತ್ತದೆ ಅಂತ ವಿಚಾರಿಸಿದೆಯಾ, ಕಪಿ? ಸಾವಿರದಿನ್ನೂರು ತುರ್ತು ನಿಧಿಯಿಂದ ತೆಗಿ.

ಮೇಜು ಒಂಬತ್ತೇ ಅಲ್ಲವೇ, ಹನ್ನೆರಡು ಯಾಕೆ?

ಅಕ್ಕ

ಜೂನ್ 8

ಅಕ್ಕ,

ನಿನ್ನ ಎಚ್ಚರಿಕೆ ಶನಿವಾರ ತಲುಪಿತು. ಪ್ರಳಯ ಶುಕ್ರವಾರವೇ ಮುಗಿದಿತ್ತು.

ಇಸ್ತ್ರಿ ಅಕ್ಕ ಅವತ್ತು ಹಲ್ಲು ನೋವಿಗೆ ರಜ. ಪೆಟ್ಟಿಗೆ ತೆರೆದವಳು ಅಮ್ಮ. ಸಂಜೆ ಮನೆಗೆ ಬಂದಳು. ಚೀಲ ಇಟ್ಟಳು, ಕೈ ತೊಳೆದಳು, ಒರೆಸಿಕೊಂಡಳು. ಆಮೇಲೆ ನಾಲ್ಕು ಮಡಿಕೆಯ ಹಳದಿ ಕಾಗದವೊಂದನ್ನು ನನ್ನ ತಟ್ಟೆಯ ಪಕ್ಕ ಬಿಡಿಸಿಟ್ಟಳು.

"ಇದೇನು?"

"ಕಾಗದ ಅಮ್ಮ."

"ಕಾಗದ ಅಂತ ನಂಗೂ ಕಾಣ್ತಿದೆ. ಹನ್ನೆರಡು ಬಿಳಿ ಹಾಸುಬಟ್ಟೆ, ಇಸ್ತ್ರಿ ಮಾಡಿ, ಜೂನ್ ಮೂವತ್ತಕ್ಕೆ, ವಾಚನಾಲಯದ ಮಹಡಿ ಹಾಲಿಗೆ. ಕೆಳಗೆ ಸಹಿ ಹಾಕ್ಬೇಕಾದೋರು ಯಾರು ಅಂತ ಬರೆದಿದೆ? ಓದು."

"ವಿಭಾಗದ ಮುಖ್ಯಸ್ಥರು."

"ಮುಖ್ಯಸ್ಥರು ಯಾರು?"

ಅಕ್ಕ, ಒಬ್ಬಳಿಗೆ ಗೊತ್ತಾಗದ ಹಾಗೆ ಮಾಡುವ ಸಮಾರಂಭಕ್ಕೆ ಆಕೆಯ ಅನುಮತಿಯನ್ನೇ ಲಿಖಿತವಾಗಿ ಕೇಳಿದ ಅಧ್ಯಕ್ಷ ಈ ಭೂಮಂಡಲದಲ್ಲಿ ನಾನೊಬ್ಬನೇ ಇರಬೇಕು. ಅಪ್ಪ ಪೇಪರಿನ ಹಿಂದೆ ಅಡಗಿಕೊಂಡರು. ಪೇಪರು ಕುಲುಕುತ್ತಿತ್ತು.

"ಮೇಜು ಎಷ್ಟು?"

"ಒಂಬತ್ತು."

"ಬಟ್ಟೆ?"

"ಹನ್ನೆರಡು. ಇರಲಿ ಅಂತ..."

"ಇರಲಿ ಅಂತ! ಮೂವತ್ತೊಂದು ವರ್ಷ ಒಂದು ದಿಂಬಿನ ಚೀಲ ಗೇಟು ದಾಟೋಕೆ ಬಿಟ್ಟೋಳಲ್ಲ ನಾನು. ಕೊನೇ ದಿನ ನನ್ ಮಗ ಹನ್ನೆರಡು ಹಾಸುಬಟ್ಟೆ ಸಾಗಿಸ್ತಾನಂತೆ. ಲೆಕ್ಕದ ಪುಸ್ತಕ ತಾ."

ತಂದುಕೊಟ್ಟೆ. ಚಿಕ್ಕಪ್ಪನ ಪುಟ, ಕುರ್ಚಿಯವನ ಪುಟ ಎಲ್ಲ ಓದಿದಳು. ಮೊದಲ ಪುಟಕ್ಕೆ ಬಂದಾಗ ಬೆರಳು ನಿಂತಿತು.

"ಮೂವತ್ತು ಸಾವಿರ. ಒಬ್ಬ ಹಿತೈಷಿಯಿಂದ. ಯಾರು?"

"ನಿಮ್ಮ ವಿಭಾಗದವರೇ ಸೇರಿ ಕೊಟ್ಟಿದ್ದು."

"ನಮ್ಮಲ್ಲಿ ಇಪ್ಪತ್ತೆರಡು ಜನ. ಯಾರ ಸಂಬಳ ಎಷ್ಟು ಅಂತ ನಂಗೆ ಗೊತ್ತು. ಸುಳ್ಳು ಹೇಳೋದಾದ್ರೆ ಮೊದಲು ಭಾಗಾಕಾರ ಮಾಡಿ ಹೇಳು."

"ಅಕ್ಕ" ಎಂದೆ.

ನಿನಗೆ ಕೊಟ್ಟ ಮಾತು ಮುರಿದೆ. ಅವಳು ಬಯ್ಯಲಿಲ್ಲ. ಪುಸ್ತಕ ಎತ್ತಿಕೊಂಡು, ಡ್ರಾಯರಿನಿಂದ ಕೆಂಪು ಪೆನ್ಸಿಲ್ ತೆಗೆದುಕೊಂಡು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಹಾಲಿಗೆ ಬೀಗ ಬಿತ್ತು ಎಂದುಕೊಂಡೆ.

ಬೆಳಿಗ್ಗೆ ಪುಸ್ತಕ ನನ್ನ ಬೂಟಿನ ಮೇಲೆ ಇತ್ತು. ಅವಳ ಕೆಂಪು ಪೆನ್ಸಿಲ್ ಬಿದ್ದ ಪುಟವನ್ನೇ ಕತ್ತರಿಸಿ ಕಳಿಸಿದ್ದೇನೆ. ನೋಡು. ಹಾಲ್ ನಾಲ್ಕು ಸಾವಿರ ಹೊಡೆದು, 'ಮೂರೂವರೆ. ನನ್ನ ಹೆಸರು ಹೇಳು.' ಊಟ ಅರವತ್ತೈದು ಹೊಡೆದು ಅರವತ್ತು, ಹನ್ನೆರಡು ಸಾವಿರ. ಕುರ್ಚಿ ಮೇಜಿಗೆ ಸರಿ ಗುರುತು. ಮೇಜಿನ ಬಟ್ಟೆ, 'ಮನೆಯವು ಒಂಬತ್ತು, ನಾನೇ ಒಗೆಯುತ್ತೇನೆ.' ಉಡುಗೊರೆ ಐದು ಸಾವಿರಕ್ಕೆ ಅಡ್ಡಗೆರೆ, 'ಏನೂ ಬೇಡ.' ಹೂವು ಇನ್ನೂರು, 'ಬಾಡುತ್ತದೆ.' ಓಡಾಟ ಐನೂರು, 'ನಡೆ.' ಫೋಟೋ ಐನೂರು, 'ಒಂದೇ ಸಾಕು. ಮನೆಯವರು ನಾಲ್ಕೂ ಜನ.' ಅದರ ಕೆಳಗೆ, ನಾನು ಬರೆಯದ ಒಂದು ಹೊಸ ಬಾಬ್ತು: 'ಬಸ್ಸು, ಒಬ್ಬಳಿಗೆ, 640.' ಒಟ್ಟು 19,840. ಕಡೆಯಲ್ಲಿ, 'ಉಳಿದ 10,160 ಕೊಟ್ಟವಳ ಕೈಗೆ ಕೊಡುವುದು. ಟಪಾಲಿನಲ್ಲಿ ಬೇಡ.'

ಸಮಾರಂಭದ ಬಗ್ಗೆ ನನಗೆ ಹೇಳಿದ್ದು ಇಷ್ಟೇ: "ನಂಗೇನೂ ಗೊತ್ತಿಲ್ಲ. ಅವತ್ತು ಆಶ್ಚರ್ಯ ಪಡ್ತೀನಿ. ಕನ್ನಡಿ ಮುಂದೆ ಅಭ್ಯಾಸ ಮಾಡ್ಕೋತೀನಿ."

ನನಗೆ ಗೊತ್ತು, ನೀನು ನಂಬುವುದಿಲ್ಲ. ನನ್ನ ಬಾಯಿಗೆ ನಾನೇ ಮಣ್ಣು ಹಾಕಿಕೊಂಡಿದ್ದೇನೆ. ಲೆನ್ಸಿನ ಕೆಳಗೆ ಇಟ್ಟು ನೋಡು.

ತಮ್ಮ

ಜೂನ್ 13

ನೋಡಿದೆ. ಗೆರೆ ಇಲ್ಲ.

ಮೇ ತಿಂಗಳಲ್ಲಿ ಗೆರೆಯಿಂದ ಸಿಕ್ಕಿಬಿದ್ದವನು ಜೂನಿನಲ್ಲಿ ಗೆರೆ ಎಳೆಯುತ್ತಾನೆಯೇ? ಪುಟ ಬಹಳ ಚೆನ್ನಾಗಿದೆ, ಅದೇ ನನಗೆ ಭಯ. 'ಓಡಾಟ ಐನೂರು, ನಡೆ' ಅಂತ ಓದಿ ನಕ್ಕೆ. ಬಸ್ಸಿನ ಸಾಲಿಗೆ ಬಂದಾಗ ಪುಟ ಮಡಿಚಿಟ್ಟೆ. ಅಮ್ಮ ಹೀಗೆ ಬರೆದರೆ ಎಷ್ಟು ಚೆನ್ನ ಅಂತ ನಾನು ಅಂದುಕೊಳ್ಳುವುದು ನಿನಗೂ ಗೊತ್ತು, ನಿನ್ನ ಕುಂಚಕ್ಕೂ ಗೊತ್ತು.

ನಿಜವೇ ಇರಬಹುದು. ಆದರೆ ಇನ್ನೊಂದು ಸಲ ಸೂಪರ್‌ವೈಸರ್ ಮುಂದೆ ನಿಂತು ರಜ ಕೇಳಿ, ಇನ್ನೊಂದು ಸಲ ಬೇಡ ಅನ್ನುವ ಶಕ್ತಿ ನನಗಿಲ್ಲ ಕಣೋ.

ಸಮಾರಂಭ ಚೆನ್ನಾಗಿ ಮಾಡು. ಫೋಟೋ ಕಳಿಸು.

ಅಕ್ಕ

ಜೂನ್ 18

ಅಕ್ಕ,

ನಿನ್ನ ಕಾಗದ ಬಂದ ಸಂಜೆ ಅಮ್ಮನ ಮುಂದೆ ಕೂತು ಎಲ್ಲ ಒಪ್ಪಿಕೊಂಡೆ. ಅವಳು ಒಣಗಿದ ಬಟ್ಟೆ ಮಡಿಚುತ್ತಿದ್ದಳು. ಅಮ್ಮ, ಮೇ ತಿಂಗಳಲ್ಲಿ ನಿನ್ನ ಅಕ್ಷರದಲ್ಲಿ ಒಂದು ಕಾಗದ ಬರೆದೆ, ಅಕ್ಕ ಹಿಡಿದುಬಿಟ್ಟಳು, ಈಗ ನಿಜವಾದದ್ದನ್ನೂ ನಂಬುತ್ತಿಲ್ಲ ಎಂದೆ.

"ನಂಬ್ಲಿಲ್ವಾ?"

"ಇಲ್ಲ."

"ಒಳ್ಳೇದು. ತಲೆ ಇದೆ ಅವಳಿಗೆ." ಇನ್ನೊಂದು ಟವಲ್ ಮಡಿಚಿದಳು. "ಏನಂತ ಬರ್ದಿದ್ದೆ ನಾನು?"

ಬಾಯಿಪಾಠವಿತ್ತು, ಹೇಳಿದೆ. ಮಹಾರಾಯ್ತಿ ಪೂರ್ತಿ ಕೇಳಿಸಿಕೊಂಡಳು.

"'ನಿನ್ನ ನೆನಪಾಗದ ದಿನವಿಲ್ಲ' ಅಂತ ಬರ್ದ್ಯಾ?"

"ಹೂಂ."

"ಸುಳ್ಳು. ಭಾನುವಾರ ಮನೆ ಕೆಲಸದಲ್ಲಿ ನಂಗೆ ಪುರುಸೊತ್ತೇ ಇರಲ್ಲ."

ಅಪ್ಪ ಪೇಪರ್ ಕೆಳಗಿಟ್ಟರು. ನಾನು ನಗಬೇಕೋ ಅಳಬೇಕೋ ಗೊತ್ತಾಗದೆ ಟವಲ್ ಮಡಿಚತೊಡಗಿದೆ. ಅವಳು ಅದನ್ನು ಕಸಿದುಕೊಂಡು ಮತ್ತೆ ಸರಿಯಾಗಿ ಮಡಿಚಿದಳು.

ಇವತ್ತು ಬೆಳಿಗ್ಗೆ ಅರ್ಧ ದಿನ ರಜ ಹಾಕಿದಳು. ಅಮ್ಮ, ರಜ! ನಮ್ಮ ಮನೆಯಲ್ಲಿ ಯಾರೋ ಹೋಗಿಬಿಟ್ಟರು ಎಂದು ಆಸ್ಪತ್ರೆಯವರು ಅಂದುಕೊಂಡರಂತೆ. ಗುರುತಿನ ಚೀಟಿ ಚೀಲಕ್ಕೆ ಹಾಕಿಕೊಂಡು, "ಪೋಸ್ಟಾಫೀಸಿಗೆ ಹೋಗ್ಬೇಕು, ಬರ್ತೀರಾ?" ಎಂದು ಅಪ್ಪನನ್ನು ಕೇಳಿದಳು. ಅಪ್ಪ 'ನೋಡೋಣ' ಅನ್ನಲಿಲ್ಲ. ಆಗಲೇ ಚಪ್ಪಲಿ ಮೆಟ್ಟಿದ್ದರು. ನಾನೂ ಹೊರಟೆ. "ನೀನು ಬರ್ಬೇಡ. ನಿನ್ ಕೈ ಸೋಕಿದ್ದೆಲ್ಲ ಸುಳ್ಳಾಗತ್ತೆ" ಎಂದಳು.

ಅಲ್ಲಿ ಏನು ಮಾಡಿದರೆಂದು ನನಗೆ ಹೇಳಿಲ್ಲ. ನಿನ್ನ ಹತ್ತಿರ ಅಂಚೆಯವನು ಬಂದು ಸಹಿ ಕೇಳುತ್ತಾನಂತೆ. ಅಷ್ಟೇ ಗೊತ್ತು. ನನ್ನ ಮಾತು ನಂಬಬೇಡ. ಅಂಚೆಯವನನ್ನು ನಂಬು, ಅವನಿಗೆ ಬೋರ್ಡ್ ಬರೆಯಲು ಬರುವುದಿಲ್ಲ.

ತಮ್ಮ

ಜೂನ್ 24

ಲೋ ಅಧ್ಯಕ್ಷ,

ನಿನ್ನೆ ಮಧ್ಯಾಹ್ನ ಕಾರ್ಖಾನೆ ಗೇಟಿನಿಂದ ಕರೆ ಬಂತು. ಮನಿಯಾರ್ಡರ್. ಕಳಿಸಿದವರ ಹೆಸರು, ವಿಳಾಸ, ಅಲ್ಲಿಯ ಪೋಸ್ಟಾಫೀಸಿನ ಮುದ್ರೆ. ಸರಿಯಾಗಿ 640. ಹಿಂದೆ ಇಲ್ಲ, ಮುಂದೆ ಇಲ್ಲ. ಸುದ್ದಿ ಬರೆಯುವ ಜಾಗದಲ್ಲಿ ಮೂರು ಸಾಲು ಬಿಟ್ಟಿರುತ್ತಾರೆ, ಅವಳು ಒಂದೇ ಬರೆದಿದ್ದಾಳೆ:

'ಬಸ್ ಚಾರ್ಜು. ಬರುವಾಗ ರಸೀತಿ ತಾ.'

ಇದನ್ನು ನೀನು ಏಳು ಜನ್ಮ ಎತ್ತಿದರೂ ಬರೆಯಲಾರೆ. ನಿನಗೆ ಅಷ್ಟು ಕಡಿಮೆ ಬರೆದು ಗೊತ್ತಿಲ್ಲ.

ಅಂಚೆಯವನಿಗೆ ಸಹಿ ಹಾಕಿಕೊಟ್ಟೆ. ಅವಸರದಲ್ಲಿ ಅಕ್ಷರ ಹಾಳಾಯಿತು. ಆತ ಕಾಗದವನ್ನೂ ನನ್ನ ಮುಖವನ್ನೂ ನೋಡಿ, ಇವಳು ಅವಳೇನಾ ಅಂತ ಅನುಮಾನ ಪಟ್ಟ. ಹಾಗೇ ಸೂಪರ್‌ವೈಸರ್ ಹತ್ತಿರ ಹೋದೆ.

"ಸರ್, ನಾಲ್ಕು ದಿನ ರಜ. ನಮ್ಮಮ್ಮ ಕರೆದಿದ್ದಾರೆ."

"ಈ ಸಲ ಅಮ್ಮ ನಿಜವಾದದ್ದೇನಮ್ಮ?"

"ನಿಜವಾದದ್ದೇ ಸರ್. ರಸೀತಿ ಕೇಳಿದ್ದಾರೆ."

ಎದ್ದು ನಿಂತು ಐದು ದಿನ ಕೊಟ್ಟ.

ಇವತ್ತು ಟಿಕೆಟ್ ತೆಗೆಸಿದೆ. 29ರ ಬೆಳಿಗ್ಗೆ ಆರೂವರೆಗೆ ಬಸ್ಸು ಅಲ್ಲಿಗೆ ಬರುತ್ತದೆ. ನೀನು ಬರಬೇಡ. ಹಾಲಿಗೆ ಹೋಗಿ ಬ್ಯಾನರ್ ಕಟ್ಟು. ಅಮ್ಮನನ್ನು ಕಳಿಸು, ಅವಳು ಬರುವುದಾದರೆ.

ಒಂದು ತೊಂದರೆ ಆಗಿದೆ. ಈ ತಿಂಗಳಿಂದ ಚಾರ್ಜು 675 ಮಾಡಿದ್ದಾರೆ. ಅವಳ ಅಂದಾಜಿನ ಮೇಲೆ ಮೂವತ್ತೈದು ಹೆಚ್ಚಾಯಿತು. ಇದನ್ನು ನೀನು ಅವಳಿಗೆ ಹೇಳಬೇಡ. ಬಸ್ಸಿನಿಂದ ಇಳಿದ ಕೂಡಲೇ ನಾನೇ ಹೇಳುತ್ತೇನೆ. ಎರಡು ವರ್ಷದ ಮೇಲೆ ಎದುರುಬದುರು ನಿಂತಾಗ ಬಯ್ಯುವುದಕ್ಕೆ ಅವಳಿಗೂ ಏನಾದರೂ ಬೇಕಲ್ಲ, ಬಯ್ಸಿಕೊಳ್ಳುವುದಕ್ಕೆ ನನಗೂ.

ಅಕ್ಕ